ಹಾಲಿನ ಲೆಕ್ಕದ ಪಕ್ಕ ಮಾತ್ರೆಯ ಲೆಕ್ಕ

ನಾನು ಆಪ್ತಸಲಹೆಗಾರ್ತಿ. ತಲೆನೋವಿನ ಮಾತ್ರೆಯ ಕಥೆ ಹೊತ್ತು ಈ ವರ್ಷ ನನ್ನ ಹತ್ತಿರ ಬಂದವರಲ್ಲಿ ಇವರು ನಾಲ್ಕನೆಯವರು. ಮೊದಲ ಮೂವರ ವಿಷಯ ಬರೆಯಬೇಕು ಅನ್ನಿಸಿರಲಿಲ್ಲ. ಇವರದ್ದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಎರಡು ಭೇಟಿಯವರೆಗೆ ತಪ್ಪು ದಾರಿಯಲ್ಲಿದ್ದವಳು ನಾನೇ. ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ, ಹಾಗಾಗಿ ಇಲ್ಲಿ ಟೀಚರ್ ಅಂತಲೇ ಕರೆಯುತ್ತೇನೆ. ವಯಸ್ಸು ನಲವತ್ತರ ಹತ್ತಿರ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ.

ಅವರು ಬಂದದ್ದು ತಲೆನೋವಿಗಲ್ಲ. "ಸಿಟ್ಟು ಜಾಸ್ತಿ ಆಗಿದೆ ಮೇಡಂ. ಮಕ್ಕಳ ಮೇಲೆ ರೇಗಾಡ್ತೀನಿ, ಆಮೇಲೆ ಕೂತ್ಕೊಂಡು ಅಳ್ತೀನಿ" ಅಂದರು. ತಲೆನೋವಿನ ಮಾತು ನಡುವೆ ಎಲ್ಲೋ ಬಂತು. "ಅದು ಇದ್ದಿದ್ದೇ ಬಿಡಿ. ನಮ್ಮಮ್ಮನಿಗೂ ಇತ್ತು. ಒಂದು ಮಾತ್ರೆ ನುಂಗಿದ್ರೆ ಹೋಗುತ್ತೆ." ಬಿಡಿ ಅಂದರಲ್ಲ, ನಾನೂ ಬಿಟ್ಟುಬಿಟ್ಟೆ. ನಿದ್ದೆ ಸಾಲದು, ಮನೆ-ಶಾಲೆ ಎರಡರ ಹೊರೆ ಅಂತ ಬರೆದುಕೊಂಡೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದೆ.

ಎರಡನೇ ಭೇಟಿಯೂ ಹಾಗೇ ಮುಗಿಯುತ್ತಿತ್ತು. ಏಳುವ ಹೊತ್ತಿಗೆ ಅವರು ಬ್ಯಾಗಿನ ಪಕ್ಕದ ಜಿಪ್ ಎಳೆದು ಸ್ಟ್ರಿಪ್ ತೆಗೆದರು. ಒಂದು ಮಾತ್ರೆ ಒತ್ತಿ, ನೀರೂ ಕೇಳದೆ ನುಂಗಿದರು. ಅದಕ್ಕೆ ಕಣ್ಣು ಕೂಡ ಬೇಕಾಗಲಿಲ್ಲ, ಕೈಗೆ ಅಷ್ಟು ರೂಢಿ.

"ನೋಯ್ತಿದೆಯಾ ಟೀಚರ್?"

"ಇಲ್ಲ ಮೇಡಂ. ಈಗ ಬಸ್ಸಲ್ಲಿ ಹೋಗ್ಬೇಕಲ್ಲ, ಬರಬಾರದು ಅಂತ."

ಆ 'ಬರಬಾರದು ಅಂತ' ನನ್ನನ್ನು ರಾತ್ರಿಯೆಲ್ಲ ಕೊರೆಯಿತು. ಬೆಳಿಗ್ಗೆ ಫೋನ್ ಮಾಡಿ ಎರಡು ಕೆಲಸ ಹೇಳಿದೆ. ಮುಂದಿನ ಸಲ ಮನೆಯಲ್ಲಿರುವ ತಲೆನೋವಿನ ಮಾತ್ರೆಗಳನ್ನೆಲ್ಲ ತರಬೇಕು. ಅಲ್ಲಿಯವರೆಗಿನ ಮೂರು ವಾರ, ಮಾತ್ರೆ ತೆಗೆದುಕೊಂಡ ಪ್ರತಿ ದಿನಕ್ಕೂ ಒಂದು ಗೆರೆ ಹಾಕಬೇಕು. ಎಲ್ಲಿಯಾದರೂ ಸರಿ.

ಅವರು ಅಡುಗೆಮನೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿಕೊಂಡು ಬಂದರು. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲ ಅಚ್ಚಾಗಿರುವ ದೊಡ್ಡ ಕ್ಯಾಲೆಂಡರ್. ಒಂದೊಂದು ಚೌಕದಲ್ಲೂ ಅತ್ತೆ ಪೆನ್ಸಿಲ್‌ನಲ್ಲಿ ಬರೆದ ಹಾಲಿನ ಲೆಕ್ಕ: 1, 1½, 1. ಅದರ ಪಕ್ಕ ಟೀಚರ್ ಹಾಕಿದ ಕೆಂಪು ಗೆರೆ. ಪೇಪರ್ ತಿದ್ದುವ ಪೆನ್ನು. 21 ದಿನಗಳಲ್ಲಿ 17ಕ್ಕೆ ಗೆರೆ ಇತ್ತು.

"ಹಾಲಿನವನು ಎರಡು ದಿನ ಬಂದಿಲ್ಲ. ಮಾತ್ರೆ ಅವನಿಗಿಂತ ಎರಡು ದಿನ ಜಾಸ್ತಿ ರಜಾ ಹಾಕಿದೆ, ಅಷ್ಟೇ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಸ್ಟೀಲ್ ಡಬ್ಬಿ ತೆರೆದು ಮೇಜಿನ ಮೇಲೆ ಸುರಿದರು. ಒಂದೊಂದನ್ನೇ ಎತ್ತಿ, ಬೆನ್ನ ಮೇಲಿನ ಸಣ್ಣ ಅಕ್ಷರ ಓದಲು ಹೇಳಿದೆ. ಚಾಳೀಸು ಹಾಕಿಕೊಂಡು ಮಕ್ಕಳ ಹಾಗೆ ಗಟ್ಟಿಯಾಗಿ ಓದಿದರು. ಬಸ್ಸಿಗೆ ಮುಂಚೆ ನುಂಗಿದ್ದು ಎರ್ಗೊಟಮಿನ್, ಕೆಫೀನ್, ಪ್ಯಾರಾಸಿಟಮಾಲ್, ವಾಂತಿ ತಡೆಯುವ ಔಷಧ ನಾಲ್ಕೂ ಸೇರಿದ ಮಾತ್ರೆ. "ಇದರ ಜೊತೆ ಒಂದು ಸಾಧಾರಣ ಮಾತ್ರೆನೂ ತಗೋತೀನಿ" ಅಂತ ಇನ್ನೊಂದನ್ನು ಎತ್ತಿದರು. ಅದರ ಬೆನ್ನ ಮೇಲೂ ಪ್ಯಾರಾಸಿಟಮಾಲ್. "ಅರೆ, ಇದರಲ್ಲೂ ಅದೇನಾ!" ಹೆಸರು ಎರಡು, ಬಣ್ಣ ಎರಡು, ಒಳಗಿನ ಔಷಧ ಒಂದೇ.

ಡಬ್ಬಿಯ ತಳದಲ್ಲಿ ಇನ್ನೆರಡು ಸ್ಟ್ರಿಪ್ ಇದ್ದವು. ಮೂರು ವರ್ಷದ ಹಿಂದೆ ನರರೋಗ ತಜ್ಞರು ಮೈಗ್ರೇನ್ ಅಂತ ಹೇಳಿ ಬರೆದುಕೊಟ್ಟಿದ್ದು. ಒಂದು ಸುಮಾಟ್ರಿಪ್ಟಾನ್, ನೋವು ಬಂದಾಗ ತೆಗೆದುಕೊಳ್ಳುವಂಥದ್ದು. ಎರಡೇ ಮಾತ್ರೆ ಉಳಿದಿದ್ದವು, ತಾರೀಖು ಮುಗಿದಿತ್ತು. "ದುಬಾರಿ ಮೇಡಂ, ಸುಮ್ನೆ ಯಾಕೆ ಖರ್ಚು ಮಾಡೋದು ಅಂತ ತೀರಾ ತಡೆಯೋಕಾಗದೆ ಇದ್ದಾಗ ಮಾತ್ರ ತಗೋತಿದ್ದೆ. ಅಷ್ಟೊತ್ತಿಗೆ ವಾಂತಿ ಶುರುವಾಗಿರೋದು, ಮಾತ್ರೆನೂ ಹೊರಗೆ." ಇನ್ನೊಂದು ಪ್ರೊಪ್ರನೊಲಾಲ್, ಸ್ಟ್ರಿಪ್ ಹೆಚ್ಚುಕಮ್ಮಿ ತುಂಬಿತ್ತು. "ಇದು ಕೆಲಸಕ್ಕೆ ಬರಲ್ಲ. ತಲೆನೋವು ಬಂದಾಗ ಎರಡು ಸಲ ತಗೊಂಡು ನೋಡಿದೆ, ಏನೂ ಆಗಲಿಲ್ಲ."

ಹೇಗೆ ಆದೀತು? ಅದು ನೋವು ಬಂದಾಗ ತೆಗೆದುಕೊಳ್ಳುವ ಮಾತ್ರೆಯೇ ಅಲ್ಲ. ನೋವು ಬರುವುದನ್ನೇ ಕಮ್ಮಿ ಮಾಡಲು ದಿನಾ ತೆಗೆದುಕೊಳ್ಳುವಂಥದ್ದು. ಫಲ ಕಾಣಲು ಕೆಲವು ವಾರ ಬೇಕು. ಮೈಗ್ರೇನಿಗೆ ಹೀಗೆ ಎರಡು ಜಾತಿಯ ಮಾತ್ರೆ ಇವೆ ಅನ್ನುವುದು ಈ ನಾಲ್ವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರ್ ಹೇಳಿರುತ್ತಾರೆ, ಖಂಡಿತ ಹೇಳಿರುತ್ತಾರೆ. ಆದರೆ ತಲೆ ಸಿಡಿಯುತ್ತಿರುವಾಗ ಕೇಳಿದ ಮಾತು ಮೆಡಿಕಲ್ ಶಾಪ್ ತಲುಪುವಷ್ಟರಲ್ಲಿ ಮರೆತಿರುತ್ತದೆ. ಹೀಗೆ ಸರಿಯಾದ ಎರಡು ಮಾತ್ರೆ ಡಬ್ಬಿಯ ತಳ ಸೇರಿ, ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ ಮೂರನೆಯದು ದಿನದ ಊಟವಾಯಿತು. ಹಳೇ ಚೀಟಿಯ ಫೋಟೋ ಮೊಬೈಲಿನಲ್ಲಿತ್ತು. ಮೆಡಿಕಲ್ ಶಾಪಿನಲ್ಲಿ ಅದನ್ನು ದೂರದಿಂದ ತೋರಿಸಿದರೆ ಸಾಕಿತ್ತಂತೆ. ಆಮೇಲಾಮೇಲೆ ಅದೂ ಬೇಕಾಗಲಿಲ್ಲ, ಮುಖ ನೋಡಿಯೇ ಸ್ಟ್ರಿಪ್ ಎತ್ತಿ ಕೊಡುತ್ತಿದ್ದರು. ಆ ಚೀಟಿಯಲ್ಲಿ ಈ ಮಾತ್ರೆ ಇರಲೇ ಇಲ್ಲ.

ಮಾತಿನ ಮಧ್ಯೆ ಅವರು ಒಂದು ಕಾಲಿನ ಮೇಲೆ ಇನ್ನೊಂದು ಪಾದ ತಿಕ್ಕುತ್ತಿದ್ದರು. ಸಾಕ್ಸ್ ಹಾಕಿದ್ದರು. "ಚಳಿಯಾ?" ಅಂದೆ. "ಬೆರಳೆಲ್ಲ ತಣ್ಣಗೆ, ಜೋಮು ಹಿಡಿದ ಹಾಗೆ. ಒಂದು ತಿಂಗಳಾಯ್ತು. ಮಳೆಗಾಲದ ಶೀತ ಇರ್ಬೇಕು." ನಾನು ಡಾಕ್ಟರ್ ಅಲ್ಲ. ಆದರೆ ಎರ್ಗೊಟಮಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕೈಕಾಲು ತಣ್ಣಗಾಗುವುದು, ಮರಗಟ್ಟುವುದು ಅದರ ಎಚ್ಚರಿಕೆಯ ಗಂಟೆ ಅನ್ನುವಷ್ಟು ಓದಿದ್ದೆ. ಕೆಲವು ಆ್ಯಂಟಿಬಯೋಟಿಕ್ ಜೊತೆ, ಉದಾಹರಣೆಗೆ ಎರಿತ್ರೋಮೈಸಿನ್ ಅಥವಾ ಕ್ಲಾರಿತ್ರೋಮೈಸಿನ್ ಜೊತೆ, ಅದು ಬಿದ್ದರೆ ಅಪಾಯ ಇನ್ನೂ ಜಾಸ್ತಿ. ಇದು ಮುಂದಿನ ವಾರಕ್ಕೆ ಕಾಯುವ ಮಾತಲ್ಲ, ಇವತ್ತೇ ಸಂಜೆ ಡಾಕ್ಟರ್ ಹತ್ತಿರ ಹೋಗಬೇಕು ಅಂದೆ.

"ಇವತ್ತಾ? ಮನೇಲಿ ಏನಂತ ಹೇಳ್ಲಿ?"

"ತಲೆನೋವು ಅಂತ."

ಅವರು ಕ್ಯಾಲೆಂಡರನ್ನೇ ನೋಡುತ್ತಾ ಸುಮಾರು ಹೊತ್ತು ಕೂತರು. ಆಮೇಲೆ ಹೇಳಿದ ಮಾತಿಗೋಸ್ಕರವೇ ನಾನು ಇದನ್ನು ಬರೆಯುತ್ತಿರುವುದು.

"ಅದನ್ನ ಹೇಳಬಾರದು ಅಂತಲೇ ಮೇಡಂ ನಾನು ಮಾತ್ರೆ ತಗೊಳ್ಳೋದು. ತಲೆನೋವು ಅಂದ್ರೆ ಅತ್ತೆ 'ಪಿತ್ತ, ನಿಂಬೆಹಣ್ಣಿನ ಪಾನಕ ಕುಡಿ' ಅಂತಾರೆ. ಯಜಮಾನ್ರು 'ಮತ್ತೆ ಶುರುವಾಯ್ತಾ' ಅಂತಾರೆ. ಶಾಲೇಲಿ ರಜಾ ಕೇಳಿದ್ರೆ, 'ತಲೆನೋವು ಯಾರಿಗಿಲ್ಲ ಟೀಚರ್'. ನೋವು ಎರಡು ದಿನ ಇದ್ದು ಹೋಗುತ್ತೆ, ಆ ಮಾತು ಹೋಗಲ್ಲ. ಅದಕ್ಕೇ ಮದುವೆ ಮನೆಗೆ ಹೋಗೋ ಮುಂಚೆ ಒಂದು, ಪರೀಕ್ಷೆ ಡ್ಯೂಟಿಗೆ ಒಂದು, ತಿಥಿ ಅಡುಗೆಗೆ ಒಂದು."

ಕೆಂಪು ಗೆರೆಗಳಲ್ಲಿ ನಿಜವಾದ ನೋವಿನವು ಎಷ್ಟು ಅಂತ ಕೇಳಿದೆ. ಬೆರಳಿಟ್ಟು ಎಣಿಸಿದರು. ಎಂಟಕ್ಕೆ ನಿಂತರು.

ಇಲ್ಲಿ ನನ್ನ ಸಮರ್ಥನೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಅವರ ಗಂಡ ಆಮೇಲೆ ಫೋನ್ ಮಾಡಿ, "ಮಾತಾಡಿ ಸರಿ ಮಾಡ್ತೀರಿ ಅಂತ ಕಳಿಸಿದ್ರೆ, ನೀವು ಇನ್ನೊಬ್ಬ ಡಾಕ್ಟರ್ ಹತ್ರ ಕಳಿಸ್ತಿದೀರಲ್ಲ" ಅಂದರು. ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಆಪ್ತಸಲಹೆಗಾರರು ಮಾತ್ರೆಯ ವಿಷಯಕ್ಕೆ ಕೈ ಹಾಕಬಾರದು ಅಂದರು. ನಾನು ಯಾವ ಮಾತ್ರೆಯನ್ನೂ ಬರೆದುಕೊಟ್ಟಿಲ್ಲ, ನಿಲ್ಲಿಸಿ ಅಂತಲೂ ಹೇಳಿಲ್ಲ. ಎಣಿಸಿ ಅಂದೆ, ಸ್ಟ್ರಿಪ್‌ನ ಬೆನ್ನ ಮೇಲೆ ಬರೆದಿದ್ದನ್ನು ಓದಿ ಅಂದೆ, ಬಲ್ಲವರಿಗೆ ತೋರಿಸಿ ಅಂದೆ. ಒಬ್ಬರು ನನ್ನೆದುರೇ ನೋವಿಲ್ಲದೆ ನೋವಿನ ಮಾತ್ರೆ ನುಂಗುವಾಗ ನಾನು ಅವರ ಬಾಲ್ಯದ ಬಗ್ಗೆ ಕೇಳುತ್ತಾ ಕೂರಬೇಕಿತ್ತಾ? ಹಾಗೆ ಎರಡು ಭೇಟಿ ಕೂತಿದ್ದೆ, ಅದೇ ನನ್ನ ತಪ್ಪು.

'ಚಟ' ಅನ್ನುವ ಪದವನ್ನೂ ನಾನು ಬಳಸಲಿಲ್ಲ. ಗಂಡ ಬಳಸಿದರು. ಇವರು ಸುಖಕ್ಕೆ ಮಾತ್ರೆ ನುಂಗಿದವರಲ್ಲ. ಬೈದರೆ ಏನಾಗುತ್ತೆ, ಕದ್ದು ನುಂಗುತ್ತಾರೆ. ಆಗ ಕ್ಯಾಲೆಂಡರಿನ ಲೆಕ್ಕವೂ ಸುಳ್ಳಾಗುತ್ತದೆ.

ವಿಷಯ ಏನೆಂದರೆ, ತಲೆನೋವಿನ ಮಾತ್ರೆಯೇ ಜಾಸ್ತಿಯಾದರೆ ತಲೆನೋವನ್ನು ಹುಟ್ಟಿಸುತ್ತದೆ. ವೈದ್ಯರು ಇದಕ್ಕೆ ಲೆಕ್ಕ ಇಟ್ಟಿದ್ದಾರೆ. ಟ್ರಿಪ್ಟಾನ್ (ಸುಮಾಟ್ರಿಪ್ಟಾನ್ ಥರದವು), ಎರ್ಗೊಟಮಿನ್, ಅಥವಾ ಹಲವು ಔಷಧ ಬೆರೆತ ಮಾತ್ರೆಯಾದರೆ ತಿಂಗಳಿಗೆ 10 ದಿನ ಅಥವಾ ಹೆಚ್ಚು. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಥರದ್ದಾದರೆ 15 ದಿನ ಅಥವಾ ಹೆಚ್ಚು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಹೀಗೆ ನಡೆದು, ತಿಂಗಳಲ್ಲಿ 15 ದಿನವಾದರೂ ತಲೆ ನೋಯುತ್ತಿದ್ದರೆ ಮಾತ್ರೆಯ ಮೇಲೇ ಅನುಮಾನ ಪಡಬೇಕು. ಗಮನಿಸಿ, ಇದು ದಿನಗಳ ಲೆಕ್ಕ, ಮಾತ್ರೆಗಳದ್ದಲ್ಲ. "ನಾನು ದಿನಕ್ಕೆ ಒಂದೇ ತಗೊಳ್ಳೋದು" ಅನ್ನುವವರೇ ಇದರಲ್ಲಿ ಸಿಕ್ಕಿಬೀಳುವುದು. ವಾರಕ್ಕೆ ಎರಡು ದಿನ ದಾಟದ ಹಾಗೆ ನೋಡಿಕೊಳ್ಳಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ಆ ಸಂಜೆ ಟೀಚರನ್ನು ನೋಡಿದ ತಜ್ಞರು ಎರ್ಗೊಟಮಿನ್ ಮಾತ್ರೆಯನ್ನು ಅವತ್ತೇ ಪೂರ್ತಿ ನಿಲ್ಲಿಸಿದರು. ಬಿಪಿ, ಇಸಿಜಿ ನೋಡಿದರು. ನೋವು ಬರುವುದನ್ನೇ ಕಮ್ಮಿ ಮಾಡಲು, ರಾತ್ರಿ ಮಲಗುವಾಗ ದಿನಾ ತೆಗೆದುಕೊಳ್ಳುವ ಅಮಿಟ್ರಿಪ್ಟಿಲಿನ್ ಕಮ್ಮಿ ಪ್ರಮಾಣದಲ್ಲಿ ಬರೆದರು. ಕೆಲವು ವಾರ ಬಿಟ್ಟು, ನೋವಿಗೆ ಮತ್ತೆ ಸುಮಾಟ್ರಿಪ್ಟಾನ್. ಈ ಸಲ ಟೀಚರ್ ಕೇಳಿ ಕೇಳಿ ಬರೆದುಕೊಂಡಿದ್ದರು: ನೋವು ಶುರುವಾದ ಕೂಡಲೇ ಒಂದು. ಕಮ್ಮಿಯಾಗಿ ಮತ್ತೆ ಬಂದರೆ ಎರಡು ಗಂಟೆ ಕಳೆದ ಮೇಲೆ ಇನ್ನೊಂದು. ಮೊದಲನೆಯದರಿಂದ ಏನೂ ಆಗದಿದ್ದರೆ ಆ ನೋವಿಗೆ ಎರಡನೆಯದು ಬೇಡ. ನೋವಿಲ್ಲದೆ ಬೇಡವೇ ಬೇಡ. ಎರ್ಗೊಟಮಿನ್ ನುಂಗಿ 24 ಗಂಟೆ ಆಗದೆ ಇದನ್ನು ಮುಟ್ಟಬಾರದು. ಇದು ಅವರಿಗೆ ಬರೆದದ್ದು, ನಿಮಗಲ್ಲ. ಹೃದಯದ ತೊಂದರೆ, ಹತೋಟಿಗೆ ಬರದ ಬಿಪಿ, ಹಿಂದೆ ಪಾರ್ಶ್ವವಾಯು ಆದವರಿಗೆ ಟ್ರಿಪ್ಟಾನ್ ಕೊಡುವುದಿಲ್ಲ.

ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗಲ್ಲ ಅನ್ನುವ ಮಾತು ಬಂದಾಗ ಟೀಚರ್ ಮುಖ ಸಣ್ಣಗಾಯಿತು. ಬ್ಯಾಗಿನಲ್ಲಿ ಯಾವಾಗಲೂ ಮಾತ್ರೆ ಇರುವವರು ಅಂತ ಸ್ಟಾಫ್ ರೂಮಿನಲ್ಲಿ ಅವರಿಗೆ ಹೆಸರು. ಹೊಸದಾಗಿ ಮದುವೆಯಾದ ಸಹೋದ್ಯೋಗಿಗೂ ಎರಡು ಸಲ ಕೊಟ್ಟಿದ್ದರು. ಎರ್ಗೊಟಮಿನ್ ಬಸುರಿಯರು ತೆಗೆದುಕೊಳ್ಳಲೇಬಾರದ ಔಷಧ. ಆ ಹುಡುಗಿಗೆ ಏನೂ ಆಗಲಿಲ್ಲ, ಪುಣ್ಯ. ಉಪ್ಪಿನಕಾಯಿ ಹಂಚಿದ ಹಾಗೆ ಮಾತ್ರೆ ಹಂಚುವ ನಮ್ಮ ಧಾರಾಳತನ ನೆನೆದರೆ ನನಗೆ ಈಗಲೂ ಭಯ. ನಿಮ್ಹಾನ್ಸ್ ಸಂಶೋಧಕರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರಲ್ಲಿ ನಾಲ್ವರಿಗೆ ಒಬ್ಬರು ಒಂದು ವರ್ಷದೊಳಗೆ ಮೈಗ್ರೇನ್ ಅನುಭವಿಸಿದ್ದರು. ಅಂದರೆ ಪ್ರತಿ ಸ್ಟಾಫ್ ರೂಮಿನಲ್ಲೂ ಇಂಥ ಒಂದೆರಡು ಬ್ಯಾಗ್ ಇರುತ್ತವೆ.

ನಿಲ್ಲಿಸಿದ ಮೇಲೆ ಮೊದಲ ಹತ್ತು ದಿನ ಕಷ್ಟ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ನೋವು ಕೆರಳುತ್ತದೆ, ವಾಂತಿ, ನಿದ್ದೆ ಇಲ್ಲ. ದಸರಾ ರಜೆ ಶುರುವಾಗಿತ್ತು, ಅಷ್ಟು ಅನುಕೂಲ. ಆದರೆ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಸಂಜೆ ಗೊಂಬೆ ನೋಡಲು ಬರುವ ಮಕ್ಕಳು, ಆರತಿ, ಹಾಡು, ಚರ್ಪು. ನಾನು ಮನೆಯವರನ್ನು ಒಮ್ಮೆ ಕರೆಸಿದೆ. ಗಂಡ ಬಂದರು, ಅತ್ತೆಯೂ ಬಂದರು. ಇಬ್ಬರಿಗೂ ಹೇಳಿದ್ದು ಇಷ್ಟೇ: ಈ ಹತ್ತು ದಿನ ಅವರು 'ನೋಯ್ತಿದೆ' ಅಂದರೆ ಏನೂ ಉತ್ತರ ಕೊಡಬೇಡಿ, ಕಿಟಕಿ ಮುಚ್ಚಿ. ಅತ್ತೆ, "ಪಾನಕಾನೂ ಬೇಡ್ವಾ?" ಅಂತ ಕೇಳಿದರು. ಪಾನಕ ಕೊಡಿ, ಮಾತು ಬೇಡ ಅಂದೆ. ಅವರಿಗೆ ಅದು ಇಷ್ಟವಾಗಲಿಲ್ಲ ಅನ್ನಿಸಿತು. ಮೂಲಾ ನಕ್ಷತ್ರದ ದಿನ ಬಂದವರಿಗೆಲ್ಲ ಅವರೊಬ್ಬರೇ ಕುಂಕುಮ ಕೊಟ್ಟು, "ಸೊಸೆಗೆ ಪಿತ್ತ" ಅಂದರಂತೆ. ಪಿತ್ತವೋ ಮೈಗ್ರೇನೋ, ಹೇಳಿದರಲ್ಲ, ಸಾಕು.

ಯಾವ ತಲೆನೋವಿಗೆ ಕ್ಯಾಲೆಂಡರ್ ಹಿಡಿದು ಕೂರಬಾರದು ಅನ್ನುವುದನ್ನೂ ಅವತ್ತೇ ಹೇಳಿದ್ದೆ. ಇದ್ದಕ್ಕಿದ್ದ ಹಾಗೆ ಸಿಡಿಲು ಬಡಿದಂತೆ ಬಂದರೆ, ಜೊತೆಗೆ ಕೈಕಾಲು ಸೋತರೆ, ಮಾತು ತೊದಲಿದರೆ, ಜ್ವರ ಬಂದು ಕುತ್ತಿಗೆ ಬಗ್ಗದಿದ್ದರೆ, ಅದು ಆಸ್ಪತ್ರೆಯ ದಾರಿ, ಮಾತ್ರೆಯದ್ದಲ್ಲ. ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದವರೂ ಡಾಕ್ಟರಿಗೆ ತೋರಿಸಲೇಬೇಕು.

ನವೆಂಬರಿನಲ್ಲಿ ನೋವಿನ ಮಾತ್ರೆಯ ಗೆರೆ ಒಂಬತ್ತು. ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ ಬಂದು ಹನ್ನೊಂದಾಯಿತು, ಅದರಲ್ಲಿ ಮೂರು 'ಬರಬಾರದು ಅಂತ' ತೆಗೆದುಕೊಂಡಿದ್ದು. ಅವರೇ ಒಪ್ಪಿಕೊಂಡರು, ನಾನು ಬೈಯಲಿಲ್ಲ. ಬೆರಳಿನ ಜೋಮು ಹೋಗಿದೆ. ರಾತ್ರಿಯ ಮಾತ್ರೆಯಿಂದ ಬೆಳಿಗ್ಗೆ ಬಾಯಿ ಒಣಗುತ್ತೆ ಅಂತ ದೂರು ಇದೆ. ಸಿಟ್ಟು ಪೂರ್ತಿ ಹೋಗಿಲ್ಲ, ಅದರ ಮಾತು ಈಗಷ್ಟೇ ಶುರುವಾಗಿದೆ.

ಮೊನ್ನೆ ಜನವರಿ ಹಾಳೆಯ ಫೋಟೋ ಕಳಿಸಿದ್ದರು. ಆರು ಗೆರೆ. ಐದು ಕೆಂಪು. ಆರನೆಯದು 1½ರ ಪಕ್ಕ ಪೆನ್ಸಿಲ್‌ನಲ್ಲಿತ್ತು. ಇದ್ಯಾವುದು ಅಂತ ಕೇಳಿದೆ.

"ಅದು ಅತ್ತೆ ಹಾಕಿದ್ದು ಮೇಡಂ. ನಾನು ಮಲಗಿದ್ದೆ."