ಹಳೆಯ ಓಮ್ನಿಗೆ ಮೂರು ಹೊಸ ಮೀಟರ್: ಮುಳ್ಳು ನಿಜ ಹೇಳಬೇಕಾದರೆ

ಪ್ರಶ್ನೆ: ನಮ್ಮದು 1998ರ ಕಾರ್ಬ್ಯುರೇಟರ್ ಓಮ್ನಿ. ತಿಂಗಳಿಗೆ ಎರಡು ಸಲವಾದರೂ ಸಾಮಾನು ತುಂಬಿಕೊಂಡು ಹೆಬ್ರಿ ದಾರಿಯಾಗಿ ಆಗುಂಬೆ ಘಾಟಿ ಹತ್ತುತ್ತದೆ. ಡ್ಯಾಶ್‌ಬೋರ್ಡಿನಲ್ಲಿರುವ ಟೆಂಪರೇಚರ್ ಮುಳ್ಳನ್ನು ನಂಬಲು ಧೈರ್ಯವಿಲ್ಲ. ಆಯಿಲ್ ಪ್ರೆಶರ್, ಟೆಂಪರೇಚರ್, ವೋಲ್ಟ್ – ಮೂರಕ್ಕೂ ಬೇರೆ ಮೀಟರ್ ಹಾಕಿಸಬೇಕೆಂದಿದ್ದೇವೆ. ಡ್ಯಾಶ್‌ಬೋರ್ಡ್ ಕೊರೆಯಬೇಕಾ? ಎಲ್ಲಿ ಎಡವುವ ಸಾಧ್ಯತೆ ಹೆಚ್ಚು? – ಕಾಪುವಿನ ಓದುಗರು

ಉತ್ತರ: ಕೊರೆಯಬೇಡಿ. ಇಪ್ಪತ್ತೈದು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಆಗಿರುತ್ತದೆ. ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಒಮ್ಮೆ ಕಚ್ಚಿ ಎಳೆದರೆ ಬಿರುಕು ಮೀಟರ್ ಗೂಡಿನವರೆಗೂ ಓಡುತ್ತದೆ. ಅಂಗಡಿಯಲ್ಲಿ ಸಿಗುವ ಮೀಟರ್‌ಗಳು ಹೆಚ್ಚಾಗಿ 52 ಮಿ.ಮೀ. ವ್ಯಾಸದವು. ಮೂರು ತೂತಿರುವ ಪ್ಯಾನೆಲ್ ತಂದು, ಡ್ಯಾಶ್‌ಬೋರ್ಡಿನ ಕೆಳಗಂಚಿನ ಕಬ್ಬಿಣಕ್ಕೆ ಎರಡು ಬೋಲ್ಟ್ ಹಾಕಿ ಕೂರಿಸಿದರೆ ಸಾಕು. ಮುಂದೆ ಮೀಟರ್ ಬೇಡವೆನಿಸಿದರೂ ಗಾಡಿಗೆ ಗಾಯವಿಲ್ಲ. ಕೊರೆಯಲೇಬೇಕೆಂದಿದ್ದರೆ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, 3 ಮಿ.ಮೀ. ತೂತು ಮೊದಲು ಹಾಕಿ, ಹೋಲ್ ಸಾ ನಿಧಾನವಾಗಿ, ಒತ್ತಡ ಕೊಡದೆ ತಿರುಗಿಸಿ.

ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಡಿ.

ವೋಲ್ಟ್ ಮೀಟರ್ ಅತಿ ಸುಲಭ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರಿನಿಂದ 2 ಆಂಪಿಯರ್ ಫ್ಯೂಸ್ ಮೂಲಕ ಒಂದು ತುದಿ, ಇನ್ನೊಂದು ಗಾಡಿಯ ಕಬ್ಬಿಣದ ಮೈಗೆ, ಅಂದರೆ ಅರ್ತ್‌ಗೆ. ಎಂಜಿನ್ ನಿಂತಿರುವಾಗ ಒಳ್ಳೆಯ ಬ್ಯಾಟರಿ 12.4ರಿಂದ 12.7 ತೋರಿಸಬೇಕು, ಓಡುವಾಗ 13.8ರಿಂದ 14.4. 15 ದಾಟಿದರೆ ಚಾರ್ಜಿಂಗ್ ವೋಲ್ಟ್ ಹಿಡಿದಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ವೋಲ್ಟ್ ಬದಲು ಆಂಪಿಯರ್ ಮೀಟರ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಟಾರ್ಟರಿನದು ಬಿಟ್ಟು ಬ್ಯಾಟರಿಗೆ ಹೋಗಿಬರುವ ಕರೆಂಟೆಲ್ಲ ಡ್ಯಾಶ್‌ಬೋರ್ಡಿಗೆ ಬಂದು ಹೋಗಬೇಕಾಗುತ್ತದೆ; ಒಂದು ನಟ್ಟು ಸಡಿಲವಾದರೂ ಅಲ್ಲೇ ಬೆಂಕಿ.

ಆಯಿಲ್ ಪ್ರೆಶರ್ ಮೀಟರಿನಲ್ಲಿ ಎರಡು ಬಗೆ. ಒಂದರಲ್ಲಿ ಸಣ್ಣ ಪೈಪಿನಲ್ಲಿ ಆಯಿಲೇ ಮೀಟರಿನವರೆಗೆ ಬರುತ್ತದೆ, ಇನ್ನೊಂದರಲ್ಲಿ ಎಂಜಿನ್‌ಗೆ ಸೆಂಡರ್ (ಅಳತೆಯನ್ನು ವೈರಿನಲ್ಲಿ ಕಳಿಸುವ ಭಾಗ) ಕೂರಿಸಿ ವೈರ್ ಮಾತ್ರ ತರುವುದು. ಓಮ್ನಿಗೆ ಎರಡನೆಯದೇ ಸರಿ. ಮುಂದಿನ ಸೀಟಿನಡಿ ಎಂಜಿನ್ ಇರುವ ಗಾಡಿಯಲ್ಲಿ ನೈಲಾನ್ ಪೈಪ್ ಬಿರಿದರೆ ಬಿಸಿ ಆಯಿಲ್ ನೇರ ಡ್ರೈವರನ ಕಾಲಿಗೆ.

ಹೆಚ್ಚಿನವರು ಎಡವುವುದು ಥ್ರೆಡ್‌ನಲ್ಲಿ. ಜಪಾನಿ ವಿನ್ಯಾಸದ ಎಂಜಿನ್‌ಗಳಲ್ಲಿ ಆಯಿಲ್ ಸ್ವಿಚ್ಚಿನ (ಆಯಿಲ್‌ನ ಕೆಂಪು ಲೈಟ್ ಉರಿಸುವುದು) ತೂತು ಸಾಮಾನ್ಯವಾಗಿ 1/8 ಬಿ.ಎಸ್.ಪಿ.ಟಿ. (ಬ್ರಿಟಿಷ್ ಪೈಪ್ ಥ್ರೆಡ್), ಇಂಚಿಗೆ 28 ಎಳೆ. ಅಂಗಡಿಯ ಸೆಂಡರ್ ಹೆಚ್ಚಾಗಿ 1/8 ಎನ್.ಪಿ.ಟಿ. (ಅಮೆರಿಕದ ಪೈಪ್ ಥ್ರೆಡ್), ಇಂಚಿಗೆ 27 ಎಳೆ. ಕಣ್ಣಿಗೆ ಎರಡೂ ಒಂದೇ. ಕೈಯಲ್ಲೇ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯಾಗುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ತೂತಿನ ಥ್ರೆಡ್ ಹಾಳು, ಆಮೇಲೆ ಆಯಿಲ್ ಜಿನುಗುವುದು ನಿಲ್ಲುವುದೇ ಇಲ್ಲ. ಹಳೆಯ ಸ್ವಿಚ್ಚನ್ನು ಬಿಚ್ಚಿ ಥ್ರೆಡ್ ಗೇಜಿನಿಂದ ನೋಡಿ, ಬೇಕಾದರೆ ಲೇತ್‌ನವರಿಂದ ಅಡಾಪ್ಟರ್ ಮಾಡಿಸಿ. ಮೂರು ಬಾಯಿಯ ಹಿತ್ತಾಳೆ ಟೀ ಹಾಕಿ ಹಳೆಯ ಸ್ವಿಚ್ಚನ್ನೂ ಉಳಿಸಿಕೊಳ್ಳಿ. ಮೀಟರ್ ನೋಡಲು ಮರೆತರೂ ಕೆಂಪು ಲೈಟ್ ಎಚ್ಚರಿಸುತ್ತದೆ. ಭಾರದ ಸೆಂಡರನ್ನು ಟೀಗೆ ನೇರ ನೇತುಹಾಕಿದರೆ ಎಂಜಿನ್ ನಡುಕಕ್ಕೆ ಹಿತ್ತಾಳೆಯ ಕುತ್ತಿಗೆ ಮುರಿಯುತ್ತದೆ. ಆಯಿಲಿಗೆಂದೇ ಮಾಡಿದ ಸಣ್ಣ ಹೋಸ್ ಹಾಕಿ, ಸೆಂಡರನ್ನು ಬಾಡಿಯ ಕಬ್ಬಿಣಕ್ಕೆ ಕ್ಲಾಂಪ್ ಮಾಡಿ.

ಒಂದೇ ಪಿನ್ನಿನ ಸೆಂಡರ್ ತನ್ನ ಮೈಯಿಂದಲೇ ಅರ್ತ್ ಹಿಡಿಯುತ್ತದೆ. ಥ್ರೆಡ್ಡಿಗೆ ಬಿಳಿ ಟೆಫ್ಲಾನ್ ಟೇಪ್ ದಪ್ಪವಾಗಿ ಸುತ್ತಿದರೆ ಆ ಅರ್ತ್ ತಪ್ಪಬಹುದು, ಮುಳ್ಳು ಸುಳ್ಳು ಹೇಳಬಹುದು. ಲಿಕ್ವಿಡ್ ಸೀಲಂಟ್ ತೆಳುವಾಗಿ ಹಚ್ಚಿ, ಮೊದಲ ಎಳೆ ಖಾಲಿ ಬಿಡಿ. ಹೋಸಿನ ತುದಿಯ ಸೆಂಡರಿಗಂತೂ ಪ್ರತ್ಯೇಕ ಅರ್ತ್ ವೈರ್ ಬೇಕೇ ಬೇಕು. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 1 ಬಾರ್, ವೇಗ ಹೆಚ್ಚಿಸಿದಾಗ 3ರ ಆಸುಪಾಸು ಇದ್ದರೆ ಹೆದರಬೇಕಾಗಿಲ್ಲ.

ಟೆಂಪರೇಚರಿಗೆ ಕಂಪನಿಯ ಸೆಂಡರಿನಿಂದ ವೈರ್ ಕದ್ದು ಹೊಸ ಮೀಟರಿಗೆ ಕೊಡಬೇಡಿ. ಮೀಟರೂ ಸೆಂಡರೂ ಜೋಡಿ. ಎರಡರ ಓಮ್ (ವಿದ್ಯುತ್ ತಡೆ) ಲೆಕ್ಕ ಹೊಂದದಿದ್ದರೆ ಎರಡು ಮುಳ್ಳೂ ತಪ್ಪು ತೋರಿಸುತ್ತವೆ. ರೇಡಿಯೇಟರಿನ ಮೇಲಿನ ಹೋಸ್ ಕತ್ತರಿಸಿ ನಡುವೆ ಲೋಹದ ಅಡಾಪ್ಟರ್ ಹಾಕುವುದು ರೂಢಿ. ಹೋಸಿನ ಒಳ ಅಳತೆ ನೋಡಿಯೇ ಅಡಾಪ್ಟರ್ ಕೊಳ್ಳಿ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಕತ್ತರಿಸಿ. ಎರಡೂ ಬದಿಗೆ ರಬ್ಬರ್ ಇರುವುದರಿಂದ ಅಡಾಪ್ಟರಿಗೂ ಅರ್ತ್ ವೈರ್ ಕೊಡಿ. ಕೂಲಂಟ್ ತುಂಬಿ, ರೇಡಿಯೇಟರ್ ಮುಚ್ಚಳ ತೆರೆದಿಟ್ಟೇ ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಗಾಳಿ ಬಿಡಿ.

ಹೋಸಿನಲ್ಲಿರುವ ಸೆಂಡರ್ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ) ತೆರೆದ ಮೇಲಷ್ಟೇ ಎಂಜಿನ್ನಿನ ನಿಜವಾದ ಬಿಸಿ ತೋರಿಸುತ್ತದೆ. ತೆರೆಯುವ ಡಿಗ್ರಿ ಥರ್ಮೋಸ್ಟಾಟಿನ ಮೇಲೆಯೇ ಒತ್ತಿರುತ್ತದೆ, ಸಾಮಾನ್ಯವಾಗಿ 82 ಅಥವಾ 88. ಹಾಗಾಗಿ ಬೆಳಿಗ್ಗೆ ಮುಳ್ಳು ಬಹಳ ಹೊತ್ತು ಕೆಳಗೇ ಕೂತು ಆಮೇಲೆ ಒಮ್ಮೆಲೇ ಜಿಗಿದರೆ ಅದು ದೋಷವಲ್ಲ. ಘಾಟಿಯಲ್ಲಿ 100 ಮುಟ್ಟಿದರೂ ಗಾಬರಿ ಬೇಡ. ಚದರ ಸೆಂ.ಮೀ.ಗೆ 0.9 ಕೆ.ಜಿ. ಒತ್ತಡದ ಮುಚ್ಚಳ ಸರಿಯಿದ್ದರೆ ನೀರು ಕುದಿಯುವುದು 118ರ ಹತ್ತಿರ. 110 ಆದರೆ ಮಾತ್ರ ಬದಿಗೆ ನಿಲ್ಲಿಸಿ, ಮುಚ್ಚಳ ಮುಟ್ಟಬೇಡಿ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: ಗಾಡಿ ಏದುಸಿರು ಬಿಡುತ್ತಿರುವಾಗ ಮುಳ್ಳು ಹಠಾತ್ತನೆ ಕೆಳಗಿಳಿಯುವುದು. ಹೋಸ್ ಒಡೆದು ನೀರು ಖಾಲಿಯಾಗಿ ಸೆಂಡರ್ ಬರೀ ಗಾಳಿಯ ಬಿಸಿ ಅಳೆಯುತ್ತಿರುತ್ತದೆ. ಆ ಕ್ಷಣವೇ ಎಂಜಿನ್ ಬಂದ್ ಮಾಡಿ. ಇನ್ನೆರಡು ತಿರುವು ಹತ್ತೋಣ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿನಡಿಯ ಸೀಲ್) ಹೋಯಿತು.

ಮೂರಕ್ಕೂ 1 ಚದರ ಮಿ.ಮೀ. ವೈರ್ ಸಾಕು. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿಗೆ ತರುವಾಗ ಸುಕ್ಕುಪೈಪಿನೊಳಗೆ ಹಾಕಿ, ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ, ತಗಡು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಕೂರಿಸಿ.

ಪ್ರಶ್ನೆ: ವ್ಯಾನಿಗೆ ಇಂಥದ್ದೇ ಮೀಟರ್ ಹಾಕಿಸಿ ಒಂದು ಮಳೆಗಾಲ ಕಳೆಯಿತು. ಈಗ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಹತ್ತು ಡಿಗ್ರಿ ಏರುತ್ತದೆ, ಆರಿಸಿದರೆ ಇಳಿಯುತ್ತದೆ. ಮೀಟರ್ ಬದಲಿಸಬೇಕಾ? – ಮಂಗಳೂರಿನ ಓದುಗರು

ಉತ್ತರ: ಮೀಟರ್ ಸರಿಯಿದೆ, ಅರ್ತ್ ಸರಿಯಿಲ್ಲ. ಹೆಡ್‌ಲೈಟ್ ಅರ್ತ್ ಇರುವ ಬೋಲ್ಟಿಗೇ ಮೀಟರ್ ಅರ್ತನ್ನೂ ಸಿಕ್ಕಿಸಿರಬೇಕು. 55 ವ್ಯಾಟಿನ ಎರಡು ಬಲ್ಬಿಗೆ ಸುಮಾರು 9 ಆಂಪಿಯರ್. ಬೋಲ್ಟಿನಡಿ ತುಕ್ಕು ಹಿಡಿದು 0.05 ಓಮ್ ತಡೆ ಬಂದರೂ 0.45 ವೋಲ್ಟ್ ಅಲ್ಲೇ ನಿಲ್ಲುತ್ತದೆ, ಮುಳ್ಳು ಅದನ್ನೇ ಬಿಸಿ ಎಂದು ಓದುತ್ತದೆ. ಪರೀಕ್ಷೆ ಹೀಗೆ: ಹೆಡ್‌ಲೈಟ್ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಮೀಟರಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. 0.1 ವೋಲ್ಟ್‌ಗಿಂತ ಹೆಚ್ಚಿದ್ದರೆ ದೋಷ ಖಚಿತ.

ಮೀಟರ್‌ಗಳಿಗೆ ಬೇರೆ ಜಾಗದಲ್ಲಿ ಅರ್ತ್ ಕೊಡಿ. ಪೇಂಟ್ ಕೆರೆದು ಕಬ್ಬಿಣ ಹೊಳೆಯಬೇಕು, ಹಲ್ಲಿರುವ ವಾಷರ್ ಹಾಕಿ ಬಿಗಿದು ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ವೈರಿನ ಮೇಲೆ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ತೆಗೆದುಹಾಕಿ; ನಮ್ಮ ಉಪ್ಪುಗಾಳಿಗೆ ಅದರೊಳಗಿನ ತಾಮ್ರ ಹಸಿರು ಪುಡಿಯಾಗುತ್ತದೆ. ವೈರ್ ತುದಿಗೆ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ) ಒತ್ತಿಸಿ, ಒಳಗೆ ಅಂಟು ಬಳಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗುವ ಕೊಳವೆ) ಹಾಕಿ. ಬೋಟುಗಳಿಗೆ ಹಾಕುವ ತವರ ಲೇಪಿತ ವೈರ್ ಸಿಕ್ಕರೆ ಅದನ್ನೇ ಕೊಳ್ಳಿ. ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ, ಅದೇ ಬೋಲ್ಟನ್ನು ಒಮ್ಮೆ ಬಿಚ್ಚಿ ಒರೆಸಿ ಬಿಗಿಯಿರಿ.