ಹೋಲಿಕೆ ಪುರಾವೆಯಾಗುವುದೇ?

ಮುಧೋಳದ ಓದುಗರೊಬ್ಬರು ನಮ್ಮ ಕಳೆದ ಸಂಚಿಕೆಯ ‘ಪ್ರಯೋಗಾಲಯದಲ್ಲಿ ಹುಟ್ಟಿದ ಬ್ರಹ್ಮಾಂಡ’ ಎಂಬ ಲೇಖನದ ಬಗ್ಗೆ ಬರೆದಿದ್ದಾರೆ. ಪಾತ್ರೆಯೊಂದರ ದ್ರವವನ್ನು ತಣಿಸಿ 1380 ಕೋಟಿ ವರ್ಷಗಳ ಹಿಂದಿನ ಸಂಗತಿಯನ್ನು ಅರಿಯಬಹುದು ಎನ್ನುವುದು ಹೋಲಿಕೆಯನ್ನೇ ಪುರಾವೆಯೆಂದು ನಂಬಿಸಿದಂತೆ, ಆದ್ದರಿಂದ ಇಂಥ ಪ್ರಯೋಗಗಳೇ ವ್ಯರ್ಥ ಎಂಬುದು ಅವರ ಅಭಿಪ್ರಾಯ.

ಮಾನ್ಯರೇ, ಶೀರ್ಷಿಕೆಯ ಮಟ್ಟಿಗೆ ತಮ್ಮ ಮಾತು ಸರಿ. ಅದನ್ನು ಕೊಟ್ಟವನು ನಾನು, ತಪ್ಪೂ ನನ್ನದೇ. ಯಾವ ಪಾತ್ರೆಯಲ್ಲಿಯೂ ಬ್ರಹ್ಮಾಂಡ ಹುಟ್ಟಿಲ್ಲ. ಆದರೆ ಪ್ರಯೋಗ ವ್ಯರ್ಥವೆಂಬುದನ್ನು ಒಪ್ಪಲಾರೆ.

ತಮ್ಮ ಭಾಗದ ಗಾಣಗಳಲ್ಲಿ ಬೆಲ್ಲದ ಪಾಕ ಆರುವುದನ್ನು ತಾವು ಕಂಡಿರುತ್ತೀರಿ. ಹರಳುಗಟ್ಟುವುದು ಒಂದೇ ಕಡೆಯಿಂದಲ್ಲ. ಅಲ್ಲಲ್ಲಿ ತಾನೇ ತಾನಾಗಿ ಆರಂಭವಾಗುತ್ತದೆ, ಒಂದು ಹರಳಿನ ಜೋಡಣೆಗೆ ಇನ್ನೊಂದರದು ಹೊಂದದೆ ಅವು ಸಂಧಿಸುವಲ್ಲಿ ಗಡಿಯೊಂದು ಉಳಿಯುತ್ತದೆ. 1976ರಲ್ಲಿ ಲಂಡನ್ನಿನ ಭೌತವಿಜ್ಞಾನಿ ಟಾಮ್ ಕಿಬಲ್ ಆದಿ ಬ್ರಹ್ಮಾಂಡದ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಹಿಗ್ಗುತ್ತ ತಣಿಯುತ್ತಿದ್ದ ಬ್ರಹ್ಮಾಂಡವು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ, ಬೆಳಕಿನ ವೇಗವನ್ನು ಮೀರಿ ಯಾವ ಪ್ರಭಾವವೂ ಸಾಗಲಾರದ ಕಾರಣ, ದೂರದೂರದ ಭಾಗಗಳು ತಂತಮ್ಮ ಹೊಸ ಸ್ಥಿತಿಯನ್ನು ಬೇರೆಬೇರೆಯಾಗಿಯೇ ಆರಿಸಿಕೊಂಡಿರಬೇಕು, ಅವು ಕೂಡುವಲ್ಲಿ ಎಳೆಯಂತಹ ದೋಷಗಳು ಉಳಿದಿರಬೇಕು. ಇದೇ ತರ್ಕವನ್ನು ದ್ರವ ಹೀಲಿಯಂನಲ್ಲಿ ಪರೀಕ್ಷಿಸಬಹುದೆಂದು 1985ರಲ್ಲಿ ಇನ್ನೊಬ್ಬ ಭೌತವಿಜ್ಞಾನಿ ವೊಯ್ಚೆಕ್ ಜುರೆಕ್ ತೋರಿಸಿಕೊಟ್ಟರು. ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್, ಅಂದರೆ 2.17 ಕೆಲ್ವಿನ್‌ಗಿಂತ ಕೆಳಗೆ ಹೀಲಿಯಂ ಘರ್ಷಣೆಯಿಲ್ಲದೆ ಹರಿಯುವ ಅತಿದ್ರವವಾಗುತ್ತದೆ; ಆ ಬದಲಾವಣೆ ಎಷ್ಟು ಬೇಗ ನಡೆದರೆ ಕಿಬಲ್ ಹೇಳಿದ ಎಳೆಗಳಿಗೆ ಸಮನಾದ ಸುಳಿಗಳು ಅಷ್ಟು ಹೆಚ್ಚಾಗಿ ಅದರಲ್ಲಿ ಉಳಿಯಬೇಕು.

1994ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ತಂಡವು ಒತ್ತಡದಲ್ಲಿದ್ದ ಹೀಲಿಯಂಗೆ ಥಟ್ಟನೆ ಹಿಗ್ಗಲು ಎಡೆಕೊಟ್ಟು, ಅದು ಅತಿದ್ರವವಾದಾಗ ಸುಳಿಗಳು ಕಂಡವೆಂದು ಪ್ರಕಟಿಸಿತು. ಆದರೆ ದ್ರವ ತುಂಬುವ ಸಣ್ಣ ಕೊಳವೆಯಲ್ಲಿನ ಹರಿವೇ ಅವುಗಳಿಗೆ ಕಾರಣವಿರಬಹುದೆಂಬ ಸಂಶಯದಿಂದ, ಸಲಕರಣೆಯನ್ನು ಬದಲಿಸಿ ಮತ್ತೆ ನೋಡಿದಾಗ ನಿರೀಕ್ಷಿಸಿದ ಸುಳಿಗಳು ಕಾಣಲಿಲ್ಲ. 1998ರಲ್ಲಿ ಅವರು ಅದನ್ನೂ ಪ್ರಕಟಿಸಿದರು. ಈ ನಡೆಯ ಬಗ್ಗೆ ನನಗೆ ಬಹಳ ಗೌರವವಿದೆ, ನಮ್ಮ ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲದಿದ್ದುದು ಶೀರ್ಷಿಕೆಗಿಂತ ದೊಡ್ಡ ಕೊರತೆ. ಈ ನಡುವೆ 1996ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಫ್ರಾನ್ಸಿನ ಗ್ರೆನೋಬಲ್‌ಗಳಲ್ಲಿ, ಹೀಲಿಯಂನ ಹಗುರ ರೂಪವಾದ ಹೀಲಿಯಂ-3ರಲ್ಲಿ ನ್ಯೂಟ್ರಾನ್ ತಾಗಿದ ಒಂದು ಚುಕ್ಕೆಯಷ್ಟು ಜಾಗ ಕಾದು ಮರಳಿ ತಣಿಯುವಾಗ ಸುಳಿಗಳು ಹುಟ್ಟುವುದಕ್ಕೆ ಸಾಕ್ಷ್ಯ ದೊರೆತಿತ್ತು.

ಒಂದು ದ್ರವದಲ್ಲಿ ನಿಂತ ತರ್ಕ ಇನ್ನೊಂದರಲ್ಲಿ ಎಡವಿದಾಗ, ಹುಟ್ಟಿದ ಸುಳಿಗಳು ಎಣಿಸುವ ಮೊದಲೇ ಕರಗಿಹೋದವೇ ಎಂಬ ಹೊಸ ಪ್ರಶ್ನೆ ಎದ್ದಿತು. ಬರಿಯ ಗಣಿತದಿಂದ ಈ ಪ್ರಶ್ನೆ ಇಷ್ಟು ಒತ್ತಾಯವಾಗಿ ಏಳುತ್ತಿರಲಿಲ್ಲ. ಪ್ರಯೋಗದಿಂದ ಆದ ಲಾಭ ಇದು. ಹಾಗೆಂದು ಕಿಬಲ್ ಊಹಿಸಿದ ಎಳೆಗಳು ಆಕಾಶದಲ್ಲಿ ಇದುವರೆಗೆ ದೃಢಪಟ್ಟಿಲ್ಲ, ಪಾತ್ರೆಯಲ್ಲಿ ಎಷ್ಟು ಸುಳಿಗಳು ಕಂಡರೂ ಆ ಕೊರತೆ ತುಂಬದು. ತಮ್ಮ ಪತ್ರದ ತಾತ್ಪರ್ಯ ಇಷ್ಟೇ ಆಗಿದ್ದರೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಶೀರ್ಷಿಕೆಯ ತಿದ್ದುಪಡಿಯನ್ನು ಇದೇ ಪುಟದಲ್ಲಿ ಪ್ರಕಟಿಸಿದ್ದೇವೆ.

— ಸಂಪಾದಕ, ಬಾಗಲಕೋಟೆ