10 ಗಿಗಾಬಿಟ್ ಲಿಂಕ್‌ನಲ್ಲಿ ಆರ್‌ಸಿಂಕ್‌ಗೆ (ಕಂಪ್ಯೂಟರ್‌ಗಳ ನಡುವೆ ಫೈಲ್ ಕಾಪಿ ಮಾಡೋ ಟೂಲ್) ಕಂಪ್ರೆಷನ್ ಹಾಕಿದ್ರೆ ಕಾಪಿ ಇನ್ನೂ ನಿಧಾನ ಆಗ್ತಿದೆ, ಯಾಕೆ?

ಲಿಂಕ್‌ದು ತಪ್ಪಿಲ್ಲ, ಸಿಪಿಯು ಸಾಲ್ತಿಲ್ಲ. ಕಾಪಿ ನಡೀತಿರುವಾಗ ಟಾಪ್ (ಸಿಪಿಯು ಬಳಕೆ ತೋರಿಸೋ ಕಮಾಂಡ್) ಹಾಕಿ ನೋಡಿ: ಆರ್‌ಸಿಂಕ್ ಒಂದೇ ಕೋರ್‌ನಲ್ಲಿ 100% ಮುಟ್ಟಿ, ಲಿಂಕ್ ಮುಕ್ಕಾಲು ಖಾಲಿ ಇದ್ರೆ ಅನುಮಾನವೇ ಬೇಡ.

ಎರಡೂ ಕಡೆ ಆರ್‌ಸಿಂಕ್ 3.2 ಅಥವಾ ಮೇಲಿನದಿದ್ರೆ ಸಾಮಾನ್ಯವಾಗಿ ಝಡ್‌ಎಸ್‌ಟಿಡಿ ಅನ್ನೋ ವೇಗದ ಕಂಪ್ರೆಷನ್ ವಿಧಾನ ಸಿಗುತ್ತೆ. ಒಂದು ಕಡೆ ಹಳೆಯದಿದ್ರೂ ಸಾಕು, ಹಳೆಯ, ನಿಧಾನದ ಝಡ್‌ಲಿಬ್‌ಗೆ ಇಳಿಯುತ್ತೆ. ಅದರ 6ನೇ ಲೆವೆಲ್‌ನಲ್ಲಿ (ಲೆವೆಲ್ ಏರಿದಷ್ಟೂ ಹೆಚ್ಚು ಕುಗ್ಗುತ್ತೆ, ನಿಧಾನವೂ ಆಗುತ್ತೆ) ಒಂದು ಕೋರ್ ಸೆಕೆಂಡಿಗೆ ಹಿಂಡೋದು ಕೆಲವು ಹತ್ತು ಎಂಬಿ ಅಷ್ಟೇ. 10 ಗಿಗಾಬಿಟ್ ಅಂದ್ರೆ ಸೆಕೆಂಡಿಗೆ 1,250 ಎಂಬಿ!

ಲೆಕ್ಕ ಹೀಗೆ ಹಾಕಿ. ಕಂಪ್ರೆಸ್ ಮಾಡುವ ವೇಗ, ಬಿಚ್ಚುವ ವೇಗ, ಮತ್ತು ಲಿಂಕ್ ವೇಗವನ್ನು ಡೇಟಾ ಎಷ್ಟು ಪಟ್ಟು ಕುಗ್ಗುತ್ತೋ ಅದರಿಂದ ಗುಣಿಸಿದ್ದು. ಈ ಮೂರರಲ್ಲಿ ಕಡಿಮೆ ಯಾವುದೋ ಅದೇ ನಿಮಗೆ ಸಿಗೋ ವೇಗ. ಎಸ್‌ಕ್ಯೂಎಲ್ ಡಂಪ್ (ಡೇಟಾಬೇಸ್‌ನ ಟೆಕ್ಸ್ಟ್ ಪ್ರತಿ) 3 ಪಟ್ಟು ಕುಗ್ಗುತ್ತೆ ಅಂದುಕೊಳ್ಳಿ. 100 ಮೆಗಾಬಿಟ್ ಲಿಂಕ್‌ನಲ್ಲಿ 12.5 ಎಂಬಿ ಹೋಗಿ 37 ಆಗುತ್ತೆ, ಝಡ್‌ಲಿಬ್ ಸಾಕು. 1 ಗಿಗಾಬಿಟ್‌ನಲ್ಲಿ 375 ಆಗಬಹುದು, ಆದ್ರೆ ಝಡ್‌ಲಿಬ್ ಅಲ್ಲಿಗೆ ಮುಟ್ಟಲ್ಲ. ಝಡ್‌ಎಸ್‌ಟಿಡಿ 1ನೇ ಲೆವೆಲ್ ಒಂದು ಒಳ್ಳೆ ಕೋರ್‌ನಲ್ಲಿ ಹೆಚ್ಚುಕಮ್ಮಿ ಮುಟ್ಟುತ್ತೆ. 10 ಗಿಗಾಬಿಟ್‌ನಲ್ಲಿ ಮಲ್ಟಿಥ್ರೆಡ್ ಹಾಕಿ 8 ಕೋರ್ ಸುರಿದ್ರೂ, ಆ ಕಡೆ ಝಡ್‌ಎಸ್‌ಟಿಡಿ ಬಿಚ್ಚೋದು ಒಂದೇ ಕೋರ್‌ನಲ್ಲಿ, ಸೆಕೆಂಡಿಗೆ ಒಂದು ಜಿಬಿ ಆಸುಪಾಸು. ಅಂದ್ರೆ ಕಂಪ್ರೆಷನ್ ಇಲ್ಲದೆಯೇ ಲಿಂಕ್ ಕೊಡುತ್ತಿದ್ದಷ್ಟೇ. (ಸಾಟಾ ಎಸ್‌ಎಸ್‌ಡಿ ಇದ್ರೆ ಈ ಲೆಕ್ಕವೂ ಬೇಡ, ಡಿಸ್ಕ್ 550 ಎಂಬಿ ದಾಟಲ್ಲ.)

ಹಾಗಾಗಿ ಆಫೀಸ್ ಒಳಗಿನ 10 ಗಿಗಾಬಿಟ್‌ಗೆ ಕಂಪ್ರೆಷನ್ ತೆಗೆದುಬಿಡಿ. ಆರ್‌ಸಿಂಕ್ ಡೇಟಾ ಕಳಿಸೋಕೆ ಬಳಸೋ ಸುರಕ್ಷಿತ ಸಂಪರ್ಕ ಎಸ್‌ಎಸ್‌ಎಚ್‌ನ ಕಂಪ್ರೆಷನ್ ಕೂಡ ಆಫ್ ಇರಲಿ. ವೇಗದ ನೆಟ್‌ವರ್ಕ್‌ನಲ್ಲಿ ಇದು ನಿಧಾನ ಮಾಡುತ್ತೆ ಅಂತ ಅದರ ಮ್ಯಾನ್ಯುಯಲ್‌ನಲ್ಲೇ ಬರೆದಿದೆ. ಆಮೇಲೂ ಲಿಂಕ್ ತುಂಬದಿದ್ರೆ ಮುಂದಿನ ಅಡಚಣೆ ಎಸ್‌ಎಸ್‌ಎಚ್ ಎನ್‌ಕ್ರಿಪ್ಷನ್, ಅದೂ ಒಂದೇ ಕೋರ್. ಫೋಲ್ಡರ್‌ಗಳನ್ನು ಹಂಚಿ ಮೂರ್ನಾಲ್ಕು ಆರ್‌ಸಿಂಕ್ ಒಟ್ಟಿಗೆ ಓಡಿಸಿ.

ಜೆಪೆಗ್, ಎಂಪಿ4, ಜಿಝಿಪ್ ಫೈಲ್, ಎನ್‌ಕ್ರಿಪ್ಟ್ ಆದ ಬ್ಯಾಕಪ್ ಯಾವ ಲಿಂಕ್‌ನಲ್ಲೂ ಕುಗ್ಗಲ್ಲ, ಸುಮ್ಮನೆ ಕರೆಂಟ್ ಖರ್ಚು.

ಕ್ಲೌಡ್‌ನಿಂದ ಹೊರಗೆ ತರುವಾಗ ಮಾತ್ರ ಲೆಕ್ಕ ಬೇರೆ. ಅಲ್ಲಿ ಜಿಬಿಗಿಷ್ಟು ಅಂತ ದುಡ್ಡು ಹಾಕ್ತಾರೆ, ಕಾಪಿ ಸ್ವಲ್ಪ ನಿಧಾನ ಆದ್ರೂ 3 ಪಟ್ಟು ಕುಗ್ಗಿಸೋದೇ ಲಾಭ. ಟಾರ್‌ನಿಂದ (ಫೈಲ್‌ಗಳನ್ನು ಒಂದೇ ಕಟ್ಟು ಮಾಡೋ ಟೂಲ್) ಝಡ್‌ಎಸ್‌ಟಿಡಿಗೆ, ಅಲ್ಲಿಂದ ಎಸ್‌ಎಸ್‌ಎಚ್‌ಗೆ ಪೈಪ್ ಮಾಡಿ, ಝಡ್‌ಎಸ್‌ಟಿಡಿಗೆ ಅಡಾಪ್ಟ್ ಆಪ್ಷನ್ ಕೊಡಿ. ಲಿಂಕ್ ತುಂಬಿದಾಗ ಲೆವೆಲ್ ಏರಿಸುತ್ತೆ, ಸಿಪಿಯು ಹಿಂದೆ ಬಿದ್ದಾಗ ಇಳಿಸುತ್ತೆ.